ಬುಲೆಟ್ ಯಾಕೆ ತಗೊಳ್ಳಲಿಲ್ಲ ಅಂತ ಕೇಳಿದವರಿಗೆ



ಕಳೆದ ವಾರ ಹೊಸ ಗಾಡಿಯ ಫೋಟೊ ಹಾಕಿದ್ದೆ. ಲೈಕಿಗಿಂತ ಪ್ರಶ್ನೆಗಳೇ ಜಾಸ್ತಿ ಬಂದವು. "ಅಣ್ಣಾ, ನೀವು ಬುಲೆಟ್ ತಗೊಳ್ತೀರಿ ಅಂತ ಕಾಯ್ತಾ ಇದ್ದೆವು, ಇದೆಂತ ಸ್ಕೂಟರ್?" ಅಂತ ಒಬ್ಬ ತಮ್ಮ. "ಹೆಂಗಸರ ಗಾಡಿ ಆಯ್ತಲ್ಲ ಮಾರಾಯ್ರೆ" ಅಂತ ಇನ್ನೊಬ್ಬರು. ನನ್ನ ಜತೆ ಇಪ್ಪತ್ತು ವರ್ಷ ಬೀದಿಯಲ್ಲಿ ಘೋಷಣೆ ಕೂಗಿದ ಹಿರಿಯರೊಬ್ಬರು ಫೋನ್ ಮಾಡಿ, "ಬಿದ್ದ ಮೇಲೆ ಹೆದರಿದ್ದೀಯಾ?" ಅಂತಲೇ ಕೇಳಿದರು. ಎಲ್ಲರೂ ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಪ್ರೀತಿಯೊಳಗೆ ನಾವು ಕೂತು ಮಾತಾಡಬೇಕಾದ ವಿಷಯ ಒಂದುಂಟು. ಅದಕ್ಕೇ ಈ ಉದ್ದದ ಪೋಸ್ಟ್. ಸಮಯ ಇದ್ದವರು ಪೂರ್ತಿ ಓದಿ.

ಮೊದಲು ಬುಲೆಟ್ ಕೇಳಿದವರ ಪರವಾಗಿಯೇ ಮಾತಾಡ್ತೇನೆ. ಯಾಕಂದ್ರೆ ಅವರ ಆಸೆ ಸಣ್ಣದಲ್ಲ.

ನಮ್ಮ ಜನರಿಗೆ ಗಾಡಿ ಅಂದ್ರೆ ಬರೀ ಗಾಡಿ ಆಗಿದ್ದದ್ದು ಯಾವಾಗ? ನನ್ನ ಅಪ್ಪ ಸೈಕಲ್ ತಗೊಂಡ ಕಾಲದಲ್ಲಿ, ಊರಿನ ದೊಡ್ಡ ಮನೆಯ ಅಂಗಳ ಕಾಣುವಲ್ಲಿ ಇಳಿದು, ಆ ಮನೆ ದಾಟುವವರೆಗೆ ಸೈಕಲನ್ನು ತಳ್ಳಿಕೊಂಡು ಹೋಗಿ ಮತ್ತೆ ಹತ್ತುತ್ತಿದ್ದರು. ಇಳಿಯಬೇಕು ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ. ಬೋರ್ಡ್ ಬೇಕಾಗಿಯೂ ಇರಲಿಲ್ಲ. ಇದು ಹಳೇ ಕಥೆ ಅನ್ನುವವರಿಗೆ ಹೇಳುದು: 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಬುಲೆಟ್ ಓಡಿಸಿಕೊಂಡು ಮನೆಗೆ ಬರುತ್ತಿದ್ದ ನಮ್ಮ ಕಾಲೇಜು ಹುಡುಗನೊಬ್ಬನ ಎರಡೂ ಕೈಗಳಿಗೆ ಕಡಿದರು. ಈ ಜಾತಿಯಲ್ಲಿ ಹುಟ್ಟಿ ಬುಲೆಟ್ ಓಡಿಸುವುದಾ ಅಂತ ಕೇಳಿ ಕಡಿದರು ಅಂತ ದೂರಿನಲ್ಲಿ ಉಂಟು. ಕಾಲಿಗಲ್ಲ, ತಲೆಗಲ್ಲ, ಕೈಗೆ. ಹ್ಯಾಂಡಲ್ ಹಿಡಿಯುವ ಕೈಗೆ.

ಇದು ಕಾನೂನು ಮಾಡುವವರಿಗೂ ಗೊತ್ತುಂಟು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದಕ್ಕೆ 2015ರಲ್ಲಿ ಬಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಕಲಂ 3(1)(ಝಡ್‌ಎ) ತೆಗೆದು ಓದಿ. ನಾವು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಓಡಿಸುವುದನ್ನು, ಚಪ್ಪಲಿ ಹಾಕುವುದನ್ನು, ಹೊಸ ಬಟ್ಟೆ ಉಡುವುದನ್ನು, ಮದುವೆ ಮೆರವಣಿಗೆ ತೆಗೆಯುವುದನ್ನು, ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆಯುವುದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜತೆಗೆ ದಂಡ. ದೇಶದ ಸಂಸತ್ತು ಕೂತು 'ಮೋಟಾರ್ ಸೈಕಲ್' ಅಂತ ಹೆಸರಿಟ್ಟು ಬರೆಯಬೇಕಾಯ್ತು ಅಂದ್ರೆ ಎಷ್ಟು ಜನರನ್ನು ಎಷ್ಟು ಊರಲ್ಲಿ ಇಳಿಸಿರಬೇಕು ಯೋಚನೆ ಮಾಡಿ.

ನಮ್ಮ ಮಂಗಳೂರಿನವರಿಗೆ ಇನ್ನೊಂದು ನೆನಪು ಉಂಟು. ಕುದ್ಮುಲ್ ರಂಗರಾಯರು. ಇವತ್ತು ಪುರಭವನಕ್ಕೆ ಅವರ ಹೆಸರು. ನಮ್ಮ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಅವರದೇ ಜಾತಿಯವರು ಅವರನ್ನು ಹೊರಗಿಟ್ಟರು. ಅವರ ದೊಡ್ಡ ಆಸೆ ಯಾವುದು ಅಂತ ಇಲ್ಲಿ ಎಲ್ಲರಿಗೂ ಗೊತ್ತು: ದಲಿತರ ಮಕ್ಕಳು ಓದಿ, ಕೆಲಸ ಹಿಡಿದು, ಇದೇ ಊರಿನ ರಸ್ತೆಯಲ್ಲಿ ಕಾರಲ್ಲಿ ಹೋಗಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ. 1928ರಲ್ಲಿ ತೀರಿಕೊಂಡ ಮನುಷ್ಯ ನಮ್ಮ ಬಿಡುಗಡೆಯನ್ನು ಅಳೆಯಲು ಆರಿಸಿಕೊಂಡದ್ದು ಒಂದು ಗಾಡಿಯನ್ನು.

ಹಾಗಾಗಿ ನಮ್ಮ ಹುಡುಗ ಸಾಲ ಮಾಡಿ ಬುಲೆಟ್ ತಂದು, ಹಿಂದೆ ನೀಲಿ ಅಕ್ಷರದಲ್ಲಿ ಜೈ ಭೀಮ್ ಬರೆಸಿ, ಸದ್ದು ಮಾಡಿಕೊಂಡು ಊರ ನಡುವೆ ಹೋದರೆ ಅದನ್ನು ಶೋಕಿ ಅಂತ ನಾನು ಕರೆಯುವುದಿಲ್ಲ. ಅವನ ಅಜ್ಜ ಇಳಿದ ಜಾಗದಲ್ಲಿ ಅವನು ಇಳಿಯದೆ ಹೋಗ್ತಾ ಇದ್ದಾನೆ.

ಇಷ್ಟು ಹೇಳಿಯೂ ನಾನು ಸ್ಕೂಟರ್ ತಗೊಂಡೆ. ಯಾಕೆ ಅಂತ ಈಗ ಹೇಳ್ತೇನೆ.

ಕಳೆದ ಮಳೆಗಾಲದಲ್ಲಿ, ಕೆಲಸ ಮುಗಿಸಿ ಶಕ್ತಿನಗರಕ್ಕೆ ವಾಪಸು ಬರುವಾಗ, ಅಡ್ಡ ರಸ್ತೆಯಿಂದ ಇಂಡಿಕೇಟರ್ ಇಲ್ಲದೆ ನುಗ್ಗಿದ ಕಾರೊಂದು ನನ್ನ ಹಳೇ 100 ಸಿಸಿ ಬೈಕಿಗೆ ಹೊಡೆಯಿತು. ಬೈಕ್ ಎಡಕ್ಕೆ ಬಿತ್ತು, ನನ್ನ ಎಡಗಾಲು ಅದರ ಅಡಿಗೆ. ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು. ಈಗ ಒಳಗೆ ಪ್ಲೇಟು, ಸ್ಕ್ರೂ ಉಂಟು. ಹೆಲ್ಮೆಟ್ ಸೀಳಿತ್ತು, ತಲೆ ಸೀಳಲಿಲ್ಲ. ಮೂರು ತಿಂಗಳು ಮನೆ, ವಾಕರ್, ಆಮೇಲೆ ಊರುಗೋಲು. ಬೈಕ್ ಗುಜರಿಗೆ ಹೋಯ್ತು.

ಕಾಲು ಸ್ವಲ್ಪ ಊರಲಿಕ್ಕೆ ಆದ ಮೇಲೆ ಮನೆಯಲ್ಲಿ ಚರ್ಚೆ ಶುರು. ಹೆಂಡತಿ ಹೇಳಿದ್ದು, "ಇನ್ನು ಗಾಡಿಯೇ ಬೇಡ, ಬಸ್ಸಿನಲ್ಲಿ ಹೋಗಿ ಬನ್ನಿ." ಅವಳ ಹೆದರಿಕೆ ಸುಳ್ಳಲ್ಲ. ಕೇಂದ್ರ ಸರಕಾರದ ಲೆಕ್ಕದಲ್ಲೇ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 74,897 ಜನ ದ್ವಿಚಕ್ರ ವಾಹನದವರು, ಅಂದರೆ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು. ಆಫೀಸಿಗೆ ಹೋಗಿ ಬರಲಿಕ್ಕೆ ಬಸ್ ಸಾಕು, ಒಪ್ಪಿದೆ. ನಂತೂರು ದಾಟಿ ಅಂಬೇಡ್ಕರ್ ವೃತ್ತದಲ್ಲಿ ಇಳಿದರಾಯ್ತು. (ಕಂಡಕ್ಟರುಗಳು ಇನ್ನೂ "ಜ್ಯೋತಿ, ಜ್ಯೋತಿ" ಅಂತಲೇ ಕೂಗ್ತಾರೆ. ಅದು ಬೇರೆಯೇ ಪೋಸ್ಟ್.) ಆದರೆ ನಮ್ಮ ಕೆಲಸ ಆಫೀಸಿನ ಗಂಟೆ ನೋಡಿ ಬರುವುದಿಲ್ಲ. ಬೆಳ್ತಂಗಡಿಯ ಒಳಗಿನ ಯಾವುದೋ ಕಾಲೊನಿಯಲ್ಲಿ ಹೊಡೆದಿದ್ದಾರೆ ಅಂತ ಸುದ್ದಿ ಬರುವುದು ರಾತ್ರಿ, ಬಸ್ಸು ಬರುವುದು ಬೆಳಿಗ್ಗೆ. ಅಷ್ಟರಲ್ಲಿ ಗಾಯಾಳುವನ್ನು ಹೆದರಿಸಿ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ಆಗಿರ್ತದೆ. ಗಾಡಿ ಬೇಕೇ ಬೇಕು.

ಹಾಗಾದರೆ ಯಾವುದು?

ಇಲ್ಲಿ ಒಂದು ಸಣ್ಣ ವಿಷಯ. ಕಾಲು ಮುರಿಯುವವರೆಗೆ ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಏರಿನಲ್ಲಿ ಟ್ರಾಫಿಕ್ ನಿಂತಾಗ ಗೇರ್ ಬೈಕಿನವನು ಏನು ಮಾಡ್ತಾನೆ? ಬಲಗಾಲು ಹಿಂದಿನ ಬ್ರೇಕಿನ ಮೇಲೆ. ನೆಲಕ್ಕೆ ಊರುವುದು ಎಡಗಾಲು ಒಂದೇ. ಬೈಕಿನ ಭಾರ, ಹಿಂದೆ ಕೂತವರ ಭಾರ, ಎಲ್ಲ ವಾಲುವುದು ಆ ಎಡಗಾಲಿನ ಮೇಲೆ. ಶಕ್ತಿನಗರ, ಕುಲಶೇಖರ, ಬಿಕರ್ನಕಟ್ಟೆ ಕಡೆ ಓಡಾಡುವವರಿಗೆ ಏರು ತಗ್ಗು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಬುಲೆಟ್ 350ರ ತೂಕ 195 ಕೆಜಿ, ಸೀಟಿನ ಎತ್ತರ 805 ಮಿಲಿಮೀಟರ್. ಪ್ಲೇಟ್ ಹಾಕಿದ ಕಾಲಲ್ಲಿ, ಮಳೆಗೆ ಜಾರುವ ರಸ್ತೆಯಲ್ಲಿ, 195 ಕೆಜಿ ಎಡಕ್ಕೆ ವಾಲಿದರೆ ಹಿಡಿಯಲಿಕ್ಕೆ ನನ್ನಿಂದ ಆಗುವುದಿಲ್ಲ. ಅದು ಬೀಳ್ತದೆ. ಬೀಳುವುದು ಅದೇ ಕಾಲಿನ ಮೇಲೆ.

ಹಗುರದ 125 ಸಿಸಿ ಬೈಕ್ ಆಗ್ಬಹುದಾ ಅಂತ ನೋಡಿದೆ. ಹೋಂಡಾ ಶೈನ್ ಸುಮಾರು 113 ಕೆಜಿ. ಭಾರ ತೊಂದರೆ ಇಲ್ಲ. ಆದರೆ ಗೇರ್ ಹಾಕುವುದೂ ಎಡಪಾದದಲ್ಲೇ. ನಂತೂರಿನಿಂದ ಹಂಪನಕಟ್ಟೆಗೆ ಬರುವಷ್ಟರಲ್ಲಿ ಎಷ್ಟು ಸಲ ಗೇರ್ ಬದಲಿಸ್ತೇವೆ ಎಣಿಸಿ ನೋಡಿ. ಎಲುಬಿನ ಡಾಕ್ಟ್ರು, ಪಾದ ಪದೇ ಪದೇ ಎತ್ತಿ ಒತ್ತುವ ಕೆಲಸ ಸದ್ಯಕ್ಕೆ ಬೇಡ ಅಂದರು. ಅಲ್ಲಿಗೆ ಗೇರಿನ ಗಾಡಿ ಮುಗಿಯಿತು.

ಉಳಿದದ್ದು ಸ್ಕೂಟರ್. ಎರಡೂ ಬ್ರೇಕು ಕೈಯಲ್ಲಿ. ನಿಂತಾಗ ಎರಡೂ ಕಾಲು ನೆಲದಲ್ಲಿ. ಸ್ಕೂಟರಿನ ದೊಡ್ಡ ದೋಷ ಸಣ್ಣ ಚಕ್ರ. 10 ಇಂಚಿನ ಚಕ್ರ ಹೊಂಡಕ್ಕೆ ಬಿದ್ದರೆ ಪೂರ್ತಿ ಒಳಗೆ ಹೋಗ್ತದೆ. ನಮ್ಮ ರಸ್ತೆಯ ಹೊಂಡ ಮಳೆಗಾಲದಲ್ಲಿ ನೀರು ತುಂಬಿ ಕಾಣುವುದೂ ಇಲ್ಲ. ಸುಮಾರು ಸ್ಕೂಟರುಗಳಲ್ಲಿ ಮುಂದಿನದು 12, ಹಿಂದಿನದು 10 ಇಂಚು ಇರ್ತದೆ. ನಾನು ಎರಡೂ 12 ಇಂಚು ಇರುವುದನ್ನು, ಮುಂದೆ ಡಿಸ್ಕ್ ಬ್ರೇಕ್ ಇರುವುದನ್ನು ಹುಡುಕಿದೆ. ಹಾಗೆ ಟಿವಿಎಸ್ ಜುಪಿಟರ್ 125 ಆಯ್ತು. ಭಾರ ಸುಮಾರು 108 ಕೆಜಿ. ಬೇರೆ ಕಂಪೆನಿಯದ್ದೂ ಇರಬಹುದು, ನಾನು ಯಾರ ಏಜೆಂಟೂ ಅಲ್ಲ. ಇನ್ನೊಂದು ಮಾತು: 125 ಸಿಸಿಗಿಂತ ಮೇಲಿನ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಗಟ್ಟಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ಅದು ನೋಡಿಕೊಳ್ತದೆ. ಅದಕ್ಕಿಂತ ಕೆಳಗಿನವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇದ್ದರೆ ಸಾಕು ಅಂತ ಬಿಟ್ಟರು. ಬಡವರು ಹೆಚ್ಚು ತಗೊಳ್ಳುವ ಗಾಡಿಗೆ ಕಡಿಮೆ ರಕ್ಷಣೆ. ಇದನ್ನೂ ನಾವು ಕೇಳಬೇಕಾದ ಪ್ರಶ್ನೆಯೇ.

ಈಗ ಮರ್ಯಾದೆಯ ವಿಷಯಕ್ಕೆ ಬರ್ತೇನೆ. ಇದಕ್ಕೆ ಬಾಬಾಸಾಹೇಬರ ಬದುಕಿನಿಂದಲೇ ಒಂದು ಘಟನೆ ಉಂಟು. ಅವರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಗೊತ್ತು. ಓದದವರಿಗಾಗಿ ನನ್ನ ಮಾತಲ್ಲಿ ಹೇಳ್ತೇನೆ.

1929. ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸಲು ಮುಂಬೈ ಸರಕಾರ ಮಾಡಿದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರು. ಪ್ರವಾಸದಲ್ಲಿದ್ದಾಗ ಖಾನ್‌ದೇಶದ ಚಾಳೀಸ್‌ಗಾಂವ್ ರೈಲ್ವೆ ಸ್ಟೇಷನಿನಲ್ಲಿ ಇಳಿದರು. ಅಲ್ಲಿಯ ಮಹಾರರು, ಒಂದು ರಾತ್ರಿ ನಮ್ಮ ಕೇರಿಯಲ್ಲಿ ಉಳಿಯಬೇಕು ಅಂತ ಒತ್ತಾಯಿಸಿದರು. ಕೇರಿ ಸ್ಟೇಷನಿನಿಂದ ದೂರ, ನಡುವೆ ಒಂದು ಹೊಳೆ. ಟಾಂಗಾದವರು ಯಾರೂ ಮಹಾರನನ್ನು ಕೂರಿಸಿ ಓಡಿಸಲಿಕ್ಕೆ ಒಪ್ಪಲಿಲ್ಲ. ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್ ಆದರೂ ಅಷ್ಟೇ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಅವರಿಗೆ ಅವಮಾನ ಅಂತ ನಮ್ಮವರಿಗೆ ಅನಿಸಿತು. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ತಗೊಂಡರು, ಲಗಾಮು ನಮ್ಮವರೇ ಒಬ್ಬರು ಹಿಡಿದರು. ಪಾಪ, ಅವರಿಗೆ ಟಾಂಗಾ ಓಡಿಸಿ ಅಭ್ಯಾಸ ಇರಲಿಲ್ಲ. ಹೊಳೆಯ ಮೇಲಿನ ತಡೆಗೋಡೆ ಇಲ್ಲದ ಮೋರಿಯಲ್ಲಿ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿತು. ಕುದುರೆ, ಟಾಂಗಾ ಹೊಳೆಗೆ. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು.

ಆ ಘಟನೆಯನ್ನು ಬರೆಯುವಾಗ ಬಾಬಾಸಾಹೇಬರು ಎರಡು ವಿಷಯ ಕಂಡುಕೊಳ್ತಾರೆ. ಒಂದು, ಕೈಯಲ್ಲಿ ಚಾಟಿ ಹಿಡಿದ ಟಾಂಗಾದವನಿಗೂ, ಎಷ್ಟೇ ಓದಿದ ದಲಿತನಿಗಿಂತ ತಾನು ಮೇಲು ಅನ್ನುವ ಧೈರ್ಯವನ್ನು ಜಾತಿ ಕೊಟ್ಟಿದೆ. ಎರಡು, ಅತಿಥಿಯ ಮರ್ಯಾದೆ ಕಾಯುವ ಅವಸರದಲ್ಲಿ ನಮ್ಮವರು ಅವನ ಜೀವದ ಸುರಕ್ಷತೆಯನ್ನು ಮರೆತರು. ಮೊದಲನೆಯದನ್ನು ನಾವು ಎಷ್ಟು ಭಾಷಣದಲ್ಲಿ ಹೇಳಿದ್ದೇವೋ ಲೆಕ್ಕ ಇಲ್ಲ. ಎರಡನೆಯದನ್ನು ಹೇಳಿದ್ದು ನಾನು ಕೇಳಿಲ್ಲ.

ಚಾಳೀಸ್‌ಗಾಂವ್‌ನ ಆ ಮಹಾರರ ಮೇಲೆ ಕೋಪ ಬರುವುದಿಲ್ಲ ನನಗೆ. ಅವರ ಮುಂದೆ ಇದ್ದ ದಾರಿ ಎರಡೇ: ಅವಮಾನ ಅಥವಾ ಅಪಾಯ. ಆ ಎರಡನ್ನೇ ಮುಂದಿಟ್ಟು ಆರಿಸು ಅಂದದ್ದು ಜಾತಿ. ಆ ಮೋರಿಯಲ್ಲಿ ನಿಜವಾಗಿ ಲಗಾಮು ಹಿಡಿದಿದ್ದದ್ದು ಅದೇ.

ನಾನು ಕೇಳುವುದು ಇಷ್ಟೇ. ಸುಮಾರು ನೂರು ವರ್ಷ ಆಗ್ತಾ ಬಂತು. ನಾವು ಇನ್ನೂ ಅದೇ ಎರಡರಲ್ಲಿ ಒಂದನ್ನು ಆರಿಸಿಕೊಳ್ತಾ ಇರಬೇಕಾ? ನಮ್ಮ ಆಫೀಸಿನ ಮೇಲ್ಜಾತಿಯ ಸಹೋದ್ಯೋಗಿಯೊಬ್ಬರು ಸ್ಕೂಟರಿನಲ್ಲಿ ಬರ್ತಾರೆ. ಅವರ ಸಮುದಾಯದ ಮರ್ಯಾದೆ ಇಳಿಯಿತು ಅಂತ ಯಾರಾದರೂ ಹೇಳ್ತಾರಾ? ಸೊಂಟನೋವು ಅಂತ ಸ್ಕೂಟರ್ ತಗೊಂಡೆ ಅಂದ್ರು, ಮುಗಿಯಿತು. ಅವರ ಗಾಡಿ ಬರೀ ಗಾಡಿ. ನನ್ನ ಗಾಡಿ ಮಾತ್ರ ಇಡೀ ಸಮುದಾಯದ ಬಾವುಟ ಯಾಕೆ ಆಗಬೇಕು? ಮುರಿದ ಕಾಲಿಗೆ ಹೊಂದುವ ಗಾಡಿಯನ್ನು ಯಾರಿಗೂ ಉತ್ತರ ಕೊಡದೆ ತಗೊಳ್ಳುವುದು ಕೂಡ ಸಮಾನತೆಯೇ. ಅದು ಅವರಿಗೆ ಹುಟ್ಟಿನಿಂದ ಸಿಕ್ಕಿದೆ, ನಮಗೆ ಈ ಪೋಸ್ಟ್ ಬರೆಯಬೇಕಾಗಿದೆ.

"ಹೆಂಗಸರ ಗಾಡಿ" ಅಂದವರಿಗೆ ಪ್ರತ್ಯೇಕವಾಗಿ ಒಂದು ಮಾತು. ನನ್ನ ಹಳೇ ಬೈಕನ್ನು ಮನೆಯಲ್ಲಿ ಓಡಿಸ್ತಾ ಇದ್ದದ್ದು ನಾನೊಬ್ಬನೇ. ಕೀ ನನ್ನ ಕಿಸೆಯಲ್ಲೇ. ಸ್ಕೂಟರ್ ಬಂದ ಮೇಲೆ ಹೆಂಡತಿ ಲೈಸೆನ್ಸಿಗೆ ಅರ್ಜಿ ಹಾಕಿದ್ದಾಳೆ. ಪಿಯುಸಿ ಓದುವ ಮಗಳು ಹದಿನೆಂಟು ಆಗಲಿಕ್ಕೆ ದಿನ ಎಣಿಸ್ತಾ ಇದ್ದಾಳೆ. ಒಂದು ಗಾಡಿಯಿಂದ ಮೂರು ಜನ ರಸ್ತೆಗೆ ಇಳಿಯುವುದು, ಒಬ್ಬ ಗಂಡಸು ಸದ್ದು ಮಾಡಿಕೊಂಡು ಹೋಗುವುದಕ್ಕಿಂತ ಕಡಿಮೆ ಸ್ವಾಭಿಮಾನವಾ? ಕುದ್ಮುಲರ ಆಸೆಯಲ್ಲಿ ಇದ್ದದ್ದು ಮಕ್ಕಳು, ಬರೀ ಗಂಡುಮಕ್ಕಳಲ್ಲ. ರಾತ್ರಿ ಸಭೆಗೆ ಬರಲಿಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಯಾಕೆ ಆಗುವುದಿಲ್ಲ ಅಂತ ಪ್ರತಿ ವರ್ಷ ಚರ್ಚೆ ಮಾಡ್ತೇವಲ್ಲ? ಕೀ ಯಾರ ಕಿಸೆಯಲ್ಲಿ ಉಂಟು ಅಂತ ಮೊದಲು ನೋಡಿ.

ಸಾಲದ ಕಥೆಯೂ ಹೇಳ್ತೇನೆ. ಒಂದು ಫೈನಾನ್ಸಿನವರು, ಹೆಸರು ಬೇಡ, ನನ್ನ ಸಂಬಳದ ಚೀಟಿ ನೋಡಿ ನಕ್ಕು ಮಾತಾಡಿದರು. ಆಮೇಲೆ ಜಾಮೀನಿಗೆ ನಿಂತ ನನ್ನ ತಮ್ಮನ ವಿಳಾಸದಲ್ಲಿ 'ಕಾಲೊನಿ' ಅನ್ನುವ ಪದ ನೋಡಿದರು. ಬೇರೆ ಜಾಮೀನುದಾರ ಬೇಕು ಅಂದರು. ಕಾರಣ ಬರೆದು ಕೊಡಿ ಅಂದದ್ದಕ್ಕೆ ಕೊಡಲಿಲ್ಲ. ಎದ್ದು ಬಂದೆ, ಬೇರೆ ಕಡೆ ಸಾಲ ಆಯ್ತು. ಹಿಂದೆ ದೊಡ್ಡ ಮನೆ ಎದುರು ಸೈಕಲಿನಿಂದ ಇಳಿಸ್ತಾ ಇದ್ದರು. ಈಗ ಕೆಲವು ಕಡೆ ಹತ್ತುವ ಮೊದಲೇ ಇಳಿಸ್ತಾರೆ, ಕಾಗದದಲ್ಲಿ. ಕಾರಣ ಬರಹದಲ್ಲಿ ಕೇಳಿ. ಕೇಳಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಕೊನೆಗೆ, ನಮ್ಮ ಹುಡುಗರಿಗೆ ಕೆಲವು ಮಾತು. ಇವು ಹಾಸಿಗೆಯಲ್ಲಿ ಮಲಗಿ ಓದಿ ತಿಳಿದದ್ದು, ನಿಮಗೆ ನಿಂತುಕೊಂಡೇ ತಿಳಿದಿರಲಿ.

ಅಪಘಾತ ಆದ ಜಾಗದಲ್ಲೇ ರಾಜಿ ಮಾಡಿಕೊಳ್ಳಬೇಡಿ. ನನಗೂ ಹತ್ತು ಸಾವಿರ ಹಿಡಿದುಕೊಂಡು ಬಂದಿದ್ದರು, "ಕೇಸ್ ಯಾಕೆ, ನಿಮಗೇ ಅಲೆದಾಟ" ಅಂತ. ಒಪ್ಪಲಿಲ್ಲ. ನಮ್ಮ ಜನ ಪೊಲೀಸ್ ಸ್ಟೇಷನ್ ಅಂದ್ರೆ ಹೆದರ್ತಾರೆ ಅನ್ನುವುದು ಎದುರಿನವರಿಗೆ ಚೆನ್ನಾಗಿ ಗೊತ್ತುಂಟು. ಎಫ್‌ಐಆರ್ ಮಾಡಿಸಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ ತಗೊಳ್ಳಿ, ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಿ. ನೀವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ದಿನಗೂಲಿಯವರಿಗೂ ಹೋದ ದುಡಿಮೆಯ ಲೆಕ್ಕ ಸಿಗ್ತದೆ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೂ ಸರಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ಉಂಟು. 2025ರ ಮೇ ತಿಂಗಳಿನಿಂದ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, 1.5 ಲಕ್ಷ ರೂಪಾಯಿಯವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಬಂದಿದೆ. ಆಸ್ಪತ್ರೆಯಲ್ಲಿ ಹೆಸರು ಹೇಳಿ ಕೇಳಿ.

ಇನ್ಶೂರೆನ್ಸ್ ಮಾಡಿಸುವಾಗ ಮಾಲೀಕ ಓಡಿಸುವಾಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬಿಡಬೇಡಿ. ಬರೀ ಥರ್ಡ್ ಪಾರ್ಟಿ ಮಾಡಿಸಿದರೆ ಹಿಂದೆ ಕೂತವರಿಗೆ ರಕ್ಷಣೆ ಇರುವುದಿಲ್ಲ ಅನ್ನುವುದೂ ನೆನಪಿರಲಿ. ನಾವು ಸಭೆಗೆ ಹೋಗುವುದೇ ಡಬಲ್ ರೈಡಿನಲ್ಲಿ.

ಹೆಲ್ಮೆಟ್ ಎರಡು ತಗೊಳ್ಳಿ, ಐಎಸ್‌ಐ ಗುರುತಿನದ್ದು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಜನರಲ್ಲಿ 14,337 ಜನ ಹಿಂದೆ ಕೂತವರು. ನಮ್ಮ ಬೈಕ್ ರ್‍ಯಾಲಿಗಳಲ್ಲಿ ತಲೆಗೆ ನೀಲಿ ಶಾಲು ಮಾತ್ರ ಕಟ್ಟಿಕೊಂಡು ಹೋಗುವವರು ಎಷ್ಟು ಜನ ಅಂತ ಈ ಏಪ್ರಿಲ್ 14ಕ್ಕೆ ಎಣಿಸಿ. ಶಾಲು ಕುತ್ತಿಗೆಗೆ ಇರಲಿ, ತಲೆಗೆ ಹೆಲ್ಮೆಟ್ ಇರಲಿ. ಸಂಘಟಕರು ಇದನ್ನು ರ್‍ಯಾಲಿಯ ನಿಯಮ ಮಾಡಬೇಕು ಅನ್ನುವುದು ನನ್ನ ಬೇಡಿಕೆ. ಮುಂದಿನ ಸಭೆಯಲ್ಲಿ ಬರಹದಲ್ಲೇ ಕೊಡ್ತೇನೆ.

ಬುಲೆಟ್ ಓಡಿಸಲಿಕ್ಕೆ ಆಗುವ ಕಾಲು ಇರುವವರು ಬುಲೆಟ್ಟೇ ತಗೊಳ್ಳಿ. ಯಾರಾದರೂ ನಿಮ್ಮನ್ನು ಅದರಿಂದ ಇಳಿಸಲಿಕ್ಕೆ ಬಂದರೆ ನನಗೆ ಫೋನ್ ಮಾಡಿ. ಕಲಂ 3(1)(ಝಡ್‌ಎ)ಯ ಪ್ರತಿ ಸ್ಕೂಟರಿನ ಸೀಟಿನಡಿ ಇಟ್ಟುಕೊಂಡಿದ್ದೇನೆ, ಎಷ್ಟು ಹೊತ್ತಿಗಾದರೂ ಬರ್ತೇನೆ. ಆದರೆ ಇನ್ನೊಬ್ಬ ಸಂಗಾತಿ ತನ್ನ ಮೈಗೆ ತಕ್ಕದ್ದನ್ನು ತಗೊಂಡರೆ ಅವನ ಧೈರ್ಯವನ್ನು ಗಾಡಿಯ ಸಿಸಿಯಲ್ಲಿ ಅಳೆಯಬೇಡಿ. ಚಳವಳಿಗೆ ನಾವು ಬೇಕು, ಎರಡೂ ಕಾಲಿನ ಮೇಲೆ ನಿಂತಿರುವ ನಾವು.

ಜೈ ಭೀಮ್.